ಟಿಕೆಟ್ಟಿನ ದುಡ್ಡು ಯಾರದು?

2023ರ ಏಪ್ರಿಲ್. ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯ ಕಾವು. ಅಂಥ ಹೊತ್ತಿನಲ್ಲಿ ಎಲ್ಲಿಯದೋ ಸುಡಾನ್ ದೇಶ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದು ಕುಳಿತಿತು. ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾದಾಟ ಶುರುವಾಗಿತ್ತು. ಡಾರ್ಫರ್ ಪ್ರಾಂತ್ಯದ ಅಲ್ ಫಶೀರ್ ಪಟ್ಟಣದಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಊಟವಿಲ್ಲದೆ ಸಿಕ್ಕಿಬಿದ್ದಿದ್ದಾರೆ ಎಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಖಾರವಾಗಿಯೇ ಉತ್ತರಿಸಿದರು. ರಾಜಕೀಯದ ಜಟಾಪಟಿ ಒಂದೆಡೆಗಿರಲಿ. ಸುದ್ದಿ ಓದಿದ ಬಹಳ ಜನರಿಗೆ ಹೊಳೆದ ಪ್ರಶ್ನೆ ಬೇರೆಯೇ ಆಗಿತ್ತು. ನಮ್ಮ ಹಕ್ಕಿಪಿಕ್ಕಿಗಳು ಸುಡಾನಿಗೆ ಹೋದದ್ದಾದರೂ ಯಾವಾಗ?

ಹೆಸರೇ ಹೇಳುವಂತೆ ಅವರು ಹಕ್ಕಿ ಹಿಡಿದು ಬದುಕಿದವರು. ಮನೆಮಾತು ವಾಗ್ರಿ, ಗುಜರಾತಿಗೆ ತೀರಾ ಹತ್ತಿರದ್ದು. ಅಂದರೆ ಅವರು ಕರ್ನಾಟಕಕ್ಕೆ ಬಂದದ್ದೇ ಒಂದು ಹಳೆಯ ವಲಸೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವರ ಕುಲಕಸುಬನ್ನು ಅಪರಾಧವಾಗಿಸಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ, ಶಿವಮೊಗ್ಗ–ದಾವಣಗೆರೆ ಕಡೆಯ ಕಾಲೊನಿಗಳಲ್ಲಿ ನೆಲೆನಿಂತವರು ಬಲೆ ಕೆಳಗಿಟ್ಟು ಗಿಡಮೂಲಿಕೆ ಎಣ್ಣೆಯ ಬಾಟಲಿ ಹಿಡಿದರು. ಮೊದಲು ಜಾತ್ರೆ, ಬಸ್ ನಿಲ್ದಾಣ. ಆಮೇಲೆ ದೂರದ ನಗರಗಳು. ಕಳೆದ ಎರಡು ದಶಕಗಳಲ್ಲಿ ಆಫ್ರಿಕಾದ ಪೇಟೆಗಳು. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದವರು ಪಾಸ್‌ಪೋರ್ಟ್ ಮಾಡಿಸಿಕೊಂಡು ಖಂಡ ದಾಟಿದರು. ಸ್ಟಾರ್ಟ್‌ಅಪ್ ಎಂಬ ಪದ ನಮ್ಮಲ್ಲಿ ಬಳಕೆಗೆ ಬರುವ ಮುಂಚೆಯೇ ಅವರು ಅದನ್ನು ಮಾಡಿ ಮುಗಿಸಿದ್ದರು.

ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಏಪ್ರಿಲ್ 24ರಂದು ಶುರುವಾಯಿತು. ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ. ಹೀಗೆ 3,800ಕ್ಕೂ ಹೆಚ್ಚು ಭಾರತೀಯರು ಬಂದಿಳಿದರು. ಜೀವ ಉಳಿದ ಸಮಾಧಾನ ಎಲ್ಲರಿಗೂ ಇತ್ತು. ಆದರೆ ಹಲವರ ಸರಕು ಅಲ್ಲೇ ಉಳಿದಿತ್ತು. ಆ ಸರಕಿಗೆ, ವಿಮಾನದ ಟಿಕೆಟ್ಟಿಗೆ ಮಾಡಿದ ಸಾಲ ಇಲ್ಲಿ ಬೆಳೆಯುತ್ತಿತ್ತು.

ವಲಸೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಶಾಲೆಯ ಪ್ರಬಂಧದಿಂದ ವಿಶ್ವಸಂಸ್ಥೆಯವರೆಗೆ ನಡೆಯುತ್ತಲೇ ಇದೆ. ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿರುವವರು 2024ರಲ್ಲಿ 30 ಕೋಟಿ ದಾಟಿದ್ದಾರೆ ಎನ್ನುತ್ತದೆ ವಿಶ್ವಸಂಸ್ಥೆ. ಇದು ಜಗತ್ತಿನ ಜನಸಂಖ್ಯೆಯ ಶೇ 4ಕ್ಕಿಂತಲೂ ಕಡಿಮೆ. ದೇಶದೊಳಗಿನ ಓಡಾಟದ ಮುಂದೆ ಇದು ಏನೂ ಅಲ್ಲ: 2011ರ ಜನಗಣತಿ ಭಾರತವೊಂದರಲ್ಲೇ 45 ಕೋಟಿ ವಲಸಿಗರನ್ನು ಎಣಿಸಿತು. ಅವರಲ್ಲಿ ಅತಿ ದೊಡ್ಡ ಗುಂಪು ಕೂಲಿಗಳದ್ದೂ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರುಗಳದ್ದೂ ಅಲ್ಲ. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಅದನ್ನು ಯಾರೂ ವಲಸೆ ಎನ್ನುವುದಿಲ್ಲ, ತವರು ಬಿಟ್ಟದ್ದು ಎನ್ನುತ್ತಾರೆ.

ಇಷ್ಟು ಬಗೆಯ ಜನರಿಗೆಲ್ಲ ಒಂದೇ ಲಾಭ–ನಷ್ಟದ ಪಟ್ಟಿ ಹೊಂದುವುದಿಲ್ಲ. ದೂರವನ್ನು ಅಳೆದರೂ, ಸಂಬಳವನ್ನು ಅಳೆದರೂ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕಿಂತ ಸರಳವಾದ ಒಂದು ಪ್ರಶ್ನೆ ಕೇಳಿ ನೋಡಬಹುದು: ಹೊರಡುವ ದಿನ ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು?

ಕರಾವಳಿಯ ಹುಡುಗರು ‘ಬೊಂಬಾಯಿ’ಗೆ ಹೋದ ಕಥೆಯಲ್ಲಿ ಆ ದುಡ್ಡು ಸಾಮಾನ್ಯವಾಗಿ ಮಾವನದೋ, ಪಕ್ಕದ ಮನೆಯವರದೋ, ಊರಿನವರೇ ಆದ ಹೋಟೆಲ್ ಧಣಿಯದೋ ಆಗಿರುತ್ತಿತ್ತು. ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಎಲೆ ಹಾಸುತ್ತಿದೆ. ಅಂಥ ನೂರಾರು ಹೋಟೆಲುಗಳ ಅಡುಗೆಮನೆಯೇ ಹುಡುಗರಿಗೆ ಮನೆ. ಹಗಲು ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡದ ರಾತ್ರಿಶಾಲೆಗೆ ಓಡುತ್ತಿದ್ದರು. ಮೊಗವೀರರು 1902ರಲ್ಲೇ ಮುಂಬೈಯಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಬಂಟರ ಸಂಘ 1927ರಲ್ಲಿ ಬಂತು. ಹುಡುಗ ಕ್ಲೀನರ್‌ನಿಂದ ಸಪ್ಲೈಯರ್ ಆಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಕೊನೆಗೆ ಸ್ವಂತ ಹೋಟೆಲಿನ ಬೋರ್ಡು ತೂಗುಹಾಕುವ ಏಣಿ ಹೀಗೆ ಸಿದ್ಧವಾಯಿತು. ಏಣಿಯ ಕೆಳಗೆ ಉಳಿದುಹೋದವರೂ ಇದ್ದರು. ಹತ್ತು–ಹನ್ನೆರಡರ ಮಕ್ಕಳು ಬೆಂಚಿನ ಮೇಲೆ ಮಲಗಿ ಬೆಳೆದದ್ದನ್ನು ಇಂದಿನ ಕಾನೂನು ಬಾಲಕಾರ್ಮಿಕ ಪದ್ಧತಿ ಎನ್ನುತ್ತದೆ, ಸರಿಯಾಗಿಯೇ. ಆದರೂ ಅಲ್ಲಿ ಒಂದು ತಡೆ ಇತ್ತು. ಧಣಿಗೆ ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಬೇಕು, ಕೋಲಕ್ಕೋ ಮದುವೆಗೋ ಆ ಹುಡುಗನ ತಾಯಿಯ ಎದುರು ನಿಲ್ಲಬೇಕು. ಲೇಬರ್ ಇನ್‌ಸ್ಪೆಕ್ಟರನಿಗಿಂತ ಆ ತಾಯಿಯ ಭಯ ದೊಡ್ಡದಾಗಿತ್ತು.

ಈ ವಲಸೆಯ ಲಾಭ ಹಣದಲ್ಲಿ ಮಾತ್ರ ಬರಲಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಹೋದ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕೂತು ‘ಶಿಕಾರಿ’ ಬರೆಯದಿದ್ದರೆ ಕನ್ನಡ ಕಾದಂಬರಿ ಬಡವಾಗಿರುತ್ತಿತ್ತು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಮೀಸಲಾದ 2018ರ ಡಿಎಸ್‌ಸಿ ಪ್ರಶಸ್ತಿ ಗೆದ್ದವು. ಊರು ಬಿಟ್ಟವನಿಗೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಯೋ ಏನೋ.

ಹೋದ ಜಾಗದಲ್ಲಿ ಎಲ್ಲರೂ ಬಾಳೆಎಲೆ ಹಾಸಿಯೇ ಕಾಯುತ್ತಿರಲಿಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಗುರಿ ದಕ್ಷಿಣದವರು. ಪಂಚೆ ಉಟ್ಟವರೇ ಮರಾಠಿ ಹುಡುಗರ ಕೆಲಸ ಕಸಿದವರು ಎಂಬ ಕೂಗೆದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಈ ನೆನಪನ್ನು ಸ್ವಲ್ಪ ಕೈಯಲ್ಲೇ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಊರಿನ ಕಡೆ ಏನಾಯಿತು? 1974ರ ಭೂಸುಧಾರಣೆಯಲ್ಲಿ ಗೇಣಿದಾರ ಒಡೆಯನಾದ. ಅವನ ಮಕ್ಕಳು ಓದಿ ಹೊರಟರು. ಭೂಮಿ ಕಳೆದುಕೊಂಡ ಮನೆತನಗಳ ಮಕ್ಕಳೂ ಹೊರಟರು. ಅದೇ ಹೊತ್ತಿಗೆ 1973ರ ತೈಲಬೆಲೆ ಏರಿಕೆ ಕೊಲ್ಲಿ ದೇಶಗಳ ಬಾಗಿಲು ತೆರೆಯಿತು. ಇವತ್ತು ಕರಾವಳಿಯ ಯಾವ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೋದರೂ ದೇಣಿಗೆಯ ಫಲಕದಲ್ಲಿ ಹೆಸರಿನ ಮುಂದೆ ಮುಂಬೈ, ದುಬೈ, ಮಸ್ಕತ್ ಎಂದಿರುತ್ತದೆ. ಗುಡಿಗೆ ತಾಮ್ರದ ಹೊದಿಕೆ ಬಂತು, ಗದ್ದೆ ಮಾತ್ರ ಹಡಿಲು ಬಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳಲು ಆಂದೋಲನವೇ ನಡೆಯಬೇಕಾಯಿತು. ಮಲ್ಪೆಯ ಮೀನುಗಾರಿಕಾ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್‌ನವರು ಬಲೆ ಎಳೆಯುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ನೇಪಾಳದ ಹುಡುಗರು ದೋಸೆ ಹುಯ್ಯುತ್ತಾರೆ. ಒಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರು, ಅವರು ಬಿಟ್ಟ ಜಾಗಕ್ಕೆ ಯಾರು ಎಂದು ಹುಡುಕುತ್ತಾ ಹೋದರೆ ಕೊನೆಗೆ ಯಾವುದೋ ಬೆಟ್ಟದ ತಪ್ಪಲಿನಲ್ಲಿ ಮುದುಕರಷ್ಟೇ ಉಳಿದ ಹಳ್ಳಿ ಸಿಗುತ್ತದೆ. ನೇಪಾಳದ ಒಟ್ಟು ಆಂತರಿಕ ಉತ್ಪನ್ನದ ನಾಲ್ಕನೇ ಒಂದರಷ್ಟು ಹಣ ಹೊರಗಿರುವ ಮಕ್ಕಳು ಕಳಿಸಿದ್ದು.

ಕೊಲ್ಲಿಯ ಲೆಕ್ಕ ಇಟ್ಟವರಲ್ಲಿ ಕೇರಳದವರನ್ನು ಮೀರಿಸಿದವರಿಲ್ಲ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಲ್ಲಿ ಆರಂಭಿಸಿದ ವಲಸೆ ಸಮೀಕ್ಷೆ ಈಗಲೂ ನಡೆಯುತ್ತಿದೆ. 2023ರ ಸಮೀಕ್ಷೆಯ ಪ್ರಕಾರ ಕೇರಳದಿಂದ ಹೊರಗೆ ಹೋಗಿರುವವರು ಸುಮಾರು 22 ಲಕ್ಷ. ಅವರು ಆ ವರ್ಷ ಕಳಿಸಿದ ಹಣ ಸುಮಾರು 2.17 ಲಕ್ಷ ಕೋಟಿ ರೂಪಾಯಿ. ಆ ದುಡ್ಡು ಹೆಂಚಿನ ಮನೆಯನ್ನು ತಾರಸಿ ಮಾಡಿತು, ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿತು, ಆಸ್ಪತ್ರೆ ಕಟ್ಟಿತು. ಜೊತೆಗೆ, ಅಪ್ಪನನ್ನು ರಜೆಗೆ ಬರುವ ನೆಂಟನಂತೆ ಕಂಡ ಒಂದು ತಲೆಮಾರನ್ನೂ ಬೆಳೆಸಿತು. ಇದೇ ಸಮೀಕ್ಷೆ ಹೇಳುವ ಇನ್ನೊಂದು ಸಂಗತಿ ಹೆಚ್ಚು ಯೋಚನೆಗೆ ಹಚ್ಚುತ್ತದೆ: ಓದಲೆಂದು ಹೊರದೇಶಕ್ಕೆ ಹೋಗುವವರ ಸಂಖ್ಯೆ 2018ರಿಂದ 2023ರ ನಡುವೆ ಹತ್ತಿರಹತ್ತಿರ ಇಮ್ಮಡಿಯಾಗಿ ಎರಡೂವರೆ ಲಕ್ಷ ಮುಟ್ಟಿತು. ಹಿಂದಿನವರು ಹೋಗಿ ಊರಿಗೆ ದುಡ್ಡು ಕಳಿಸಿದರು. ಈಗಿನವರು ಹೋಗಲು ಊರಿನಿಂದಲೇ ದುಡ್ಡು ಹೋಗುತ್ತದೆ, ಬಹಳ ಸಲ ಮನೆ ಅಡವಿಟ್ಟ ಸಾಲದ ರೂಪದಲ್ಲಿ.

ಟಿಕೆಟ್ಟಿನ ಪ್ರಶ್ನೆ ಕೊಲ್ಲಿಯಲ್ಲಿ ‘ವೀಸಾ ದುಡ್ಡು’ ಎಂಬ ಹೆಸರು ಪಡೆಯುತ್ತದೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಯೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ಸರ್ಕಾರದ ಅನುಮತಿ ಬೇಕು. 1983ರ ವಲಸೆ ಕಾಯ್ದೆ ಮಾಡಿದ ಏರ್ಪಾಡು ಅದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು 30,000 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ, ಅದರ ಮೇಲೆ ತೆರಿಗೆಯಷ್ಟೇ. ಊರಲ್ಲಿ ವಿಚಾರಿಸಿದರೆ ಈ ದರಕ್ಕೆ ಹೋದವರು ಅಪರೂಪ. ಚಿನ್ನ ಅಡವಿಟ್ಟು, ಬಡ್ಡಿಗೆ ತಂದು ಕೊಟ್ಟ ದುಡ್ಡು ತೀರುವುದಕ್ಕೇ ಮೊದಲೆರಡು ವರ್ಷ ಬೇಕು. ಅಷ್ಟರವರೆಗೆ ಕೆಲಸಗಾರ ಏನನ್ನೂ ಸಹಿಸಿಕೊಳ್ಳುತ್ತಾನೆ. ‘ಕಫಾಲಾ’ ಪದ್ಧತಿಯಲ್ಲಿ ವೀಸಾ ಕೊಡಿಸಿದ ಧಣಿಯ ಒಪ್ಪಿಗೆ ಇಲ್ಲದೆ ಕೆಲಸ ಬಿಡುವಂತಿರಲಿಲ್ಲ, ಕೆಲವೆಡೆ ದೇಶ ಬಿಡುವಂತೆಯೂ ಇರಲಿಲ್ಲ. ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಜಗತ್ತಿನ ಕಣ್ಣು ತನ್ನ ಮೇಲೆ ಬಿದ್ದಾಗ ಕತಾರ್ 2020ರಲ್ಲಿ ಈ ನಿಯಮಗಳನ್ನು ಸಡಿಲಿಸಿತು.

ಕೆಲವು ದಿನಗಳು ಈ ದುಡಿಮೆಯ ನಕ್ಷೆಯನ್ನು ಒಮ್ಮೆಲೇ ಬೆಳಕಿಗೆ ಹಿಡಿಯುತ್ತವೆ. 1990ರಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಭಾರತ ಅಮ್ಮಾನ್ ಮೂಲಕ ಸುಮಾರು 1.7 ಲಕ್ಷ ಜನರನ್ನು ಕರೆತಂದಿತು. ಅಷ್ಟು ಜನ ಅಲ್ಲಿದ್ದಾರೆಂಬುದು ದೇಶದ ಬಹುಪಾಲು ಜನರಿಗೆ ತಿಳಿದದ್ದೇ ಆಗ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿನ ಬಜ್ಪೆಗೆ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದಾಗ ಸತ್ತವರು 158 ಮಂದಿ, ಉಳಿದವರು ಎಂಟೇ ಜನ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಬೀದಿಗಳಲ್ಲಿ ಒಂದೇ ದಿನ ಸಾವಿನ ಸುದ್ದಿ ಬಂತು. 2024ರ ಜೂನ್‌ನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡ ಹೊತ್ತಿ ಉರಿದು 45 ಭಾರತೀಯರು ಸತ್ತರು. ಹೆಚ್ಚಿನವರು ಕೇರಳದವರು; ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಕೊಲ್ಲಿ ಎಂದರೆ ಕರಾವಳಿಯ ಸೊತ್ತು ಎಂಬ ಕಾಲ ಮುಗಿದಿದೆ.

ಕಲಬುರಗಿ, ಯಾದಗಿರಿ, ರಾಯಚೂರು ಎಂದಕೂಡಲೇ ನೆನಪಾಗುವ ಪದ ಗುಳೆ. ಸುಗ್ಗಿ ಮುಗಿದ ಮೇಲೆ ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಗೋವಾ ಕಡೆ ಹೊರಡುತ್ತವೆ. “ಎಲ್ಲಿಗೆ ಹೋಗ್ಯಾರ?” ಎಂದರೆ “ದುಡಿಯಾಕ ಹೋಗ್ಯಾರ್ರೀ” ಎಂಬ ಒಂದೇ ಉತ್ತರ. ಇಲ್ಲಿ ಟಿಕೆಟ್ಟಿನ ದುಡ್ಡು ಮೇಸ್ತ್ರಿಯದು. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅವನು ಮೊದಲೇ ಕೊಟ್ಟ ಮುಂಗಡ ಅದು. ಮುಂಗಡ ತೀರುವವರೆಗೆ ಕೂಲಿಯ ದರ ಕೇಳುವ ಬಾಯಿ ಇರುವುದಿಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸ. ದೊಡ್ಡ ಮಗಳು ಶಾಲೆ ಬಿಟ್ಟು ಬಂದು ಚಿಕ್ಕದನ್ನು ನೋಡಿಕೊಳ್ಳುತ್ತಾಳೆ. ಉದ್ಯೋಗ ಖಾತರಿಗೆಂದು 2005ರಲ್ಲಿ ಬಂದ ಕಾಯ್ದೆ ಮನೆಗೆ ವರ್ಷಕ್ಕೆ 100 ದಿನದ ಕೆಲಸ ಎಂದಿತು. ಗುಳೆ ನಿಲ್ಲಿಸುವುದೂ ಅದರ ಆಸೆಗಳಲ್ಲೊಂದಾಗಿತ್ತು. ಆದರೆ ಖಾತರಿಯ ಕೂಲಿ ಖಾತೆಗೆ ಬೀಳಲು ವಾರಗಟ್ಟಲೆ ಕಾಯಬೇಕಿತ್ತು, ಮೇಸ್ತ್ರಿಯ ಮುಂಗಡ ಮೊದಲೇ ಕೈಯಲ್ಲಿರುತ್ತಿತ್ತು.

ಇದೇ ರಾಯಚೂರು ಜಿಲ್ಲೆಯ ಸಿಂಧನೂರಿಗೆ ಬಂದರೆ ವಲಸೆ ಬೇರೆಯೇ ಮುಖ ತೋರಿಸುತ್ತದೆ. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ತಮ್ಮೂರಿನ ದುಬಾರಿ ಜಮೀನು ಮಾರಿ, ಇಲ್ಲಿ ಅದೇ ದುಡ್ಡಿಗೆ ಹಲವು ಪಟ್ಟು ಭೂಮಿ ಕೊಂಡರು. ಅವರು ನೆಲೆಸಿದ ಕಡೆಯೆಲ್ಲ ಊರಿನ ಹೆಸರಿಗೆ ‘ಕ್ಯಾಂಪ್’ ಅಂಟಿಕೊಂಡಿತು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅನತಿ ದೂರದಲ್ಲಿ ಆರ್‌ಎಚ್ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ನಿರಾಶ್ರಿತರನ್ನು ಕೇಂದ್ರ ಸರ್ಕಾರ ನೆಲೆಗೊಳಿಸಿದ ಊರುಗಳು ಅವು. ಮತ್ತೆ ಇದೇ ಸೀಮೆಯ ನೀರಿಲ್ಲದ ಹಳ್ಳಿಗಳಿಂದ ಕನ್ನಡಿಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಒಂದೇ ಬಸ್ ನಿಲ್ದಾಣದಲ್ಲಿ ಮೂರು ವಲಸೆ. ಬಂಡವಾಳ ಹಿಡಿದು ಬಂದವರು ಜಮೀನ್ದಾರರಾದರು, ಸರ್ಕಾರದ ಕೈಹಿಡಿದು ಬಂದವರಿಗೆ ತುಂಡು ನೆಲ ಸಿಕ್ಕಿತು, ಮುಂಗಡ ಹೊತ್ತು ಹೋದವರು ವರ್ಷವರ್ಷವೂ ಮರಳಿ ಅದೇ ಶೆಡ್ಡಿಗೆ ಹೋಗುತ್ತಾರೆ.

ಈ ದುಡಿಮೆ ನಗರಕ್ಕೆ ಎಷ್ಟು ಬೇಕು ಎಂಬುದನ್ನು 2020ರ ಮೇ ತಿಂಗಳು ತೋರಿಸಿಕೊಟ್ಟಿತು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತು, ಊರಿಗೆ ಹೋಗಲು ಕಾರ್ಮಿಕರಿಗೆ ಶ್ರಮಿಕ್ ರೈಲುಗಳು ಹೊರಟಿದ್ದವು. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆಯಿತು; ಅದರ ಬೆನ್ನಿಗೇ ರಾಜ್ಯ ಸರ್ಕಾರ ಮರುದಿನದಿಂದ ರೈಲು ಬೇಡವೆಂದು ರೈಲ್ವೆಗೆ ಬರೆಯಿತು. ಜನ ಛೀಮಾರಿ ಹಾಕಿದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಉಳಿದವರು ನಡೆದೇ ಹೊರಟಿದ್ದರು. ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದರೆಂದು ಕೇಂದ್ರ ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ದಾರಿಯಲ್ಲಿ ಸತ್ತವರೆಷ್ಟು ಎಂದು ಕೇಳಿದರೆ, ಆ ಅಂಕಿಅಂಶ ಇಟ್ಟಿಲ್ಲ ಎಂಬ ಉತ್ತರ ಬಂತು. ಅಂತರರಾಜ್ಯ ವಲಸೆ ಕಾರ್ಮಿಕರನ್ನು ನೋಂದಾಯಿಸಬೇಕೆಂಬ ಕಾಯ್ದೆಗೆ ಆಗ 41 ವರ್ಷ ವಯಸ್ಸಾಗಿತ್ತು.

ಇನ್ನು ಬಂದವರಿಂದ ಸ್ಥಳೀಯರ ಕೆಲಸ ಹೋಗುತ್ತದೆಯೇ? ಇದಕ್ಕೆ ಅರ್ಥಶಾಸ್ತ್ರಜ್ಞರು ಮತ್ತೆಮತ್ತೆ ಮರಳುವ ಉದಾಹರಣೆ ಅಮೆರಿಕದ ಮಯಾಮಿ ನಗರದ್ದು. 1980ರಲ್ಲಿ ಕೆಲವೇ ತಿಂಗಳಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ 1.25 ಲಕ್ಷ ಜನ ದೋಣಿಗಳಲ್ಲಿ ಬಂದಿಳಿದರು; ನಗರದ ದುಡಿಯುವವರ ಸಂಖ್ಯೆ ಒಮ್ಮೆಲೇ ಶೇ 7ರಷ್ಟು ಏರಿತು. ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ, ಸ್ಥಳೀಯರ ಕೂಲಿ ಕುಸಿದ ಗುರುತು ಕಾಣಲಿಲ್ಲ ಎಂದರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಸ್ವತಃ ಕ್ಯೂಬಾದಲ್ಲಿ ಹುಟ್ಟಿದ ಜಾರ್ಜ್ ಬೋರ್ಹಾಸ್ ಒಪ್ಪಲಿಲ್ಲ: ಶಾಲೆ ಮುಗಿಸದ ಬಡ ಕೆಲಸಗಾರರನ್ನಷ್ಟೇ ಬೇರ್ಪಡಿಸಿ ನೋಡಿದರೆ ಅವರ ಕೂಲಿ ಜೋರಾಗಿ ಇಳಿದಿತ್ತು ಎಂದರು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ನಗರಕ್ಕೆ ಒಟ್ಟಾರೆ ಲಾಭವಾಗುತ್ತದೆ ಎಂಬುದರ ಜೊತೆಗೆ, ಪೆಟ್ಟು ಬಿದ್ದರೆ ಕೆಳಗಿನ ಮೆಟ್ಟಿಲಿನವರಿಗೇ ಮೊದಲು ಎಂಬುದನ್ನೂ ಒಪ್ಪಿಕೊಂಡರೆ ಸತ್ಯಕ್ಕೆ ಹತ್ತಿರವಾದೀತು.

ಬೆಂಗಳೂರಿನಲ್ಲಿ ಈ ಚರ್ಚೆ ಕನ್ನಡಿಗರ ಉದ್ಯೋಗ ಕುರಿತ 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಇದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು. ಮಸೂದೆ ಎರಡೇ ದಿನಕ್ಕೆ ಕಪಾಟು ಸೇರಿತು. ಮಾಟುಂಗಾದ ಹೋಟೆಲಿಗೆ ಬಿದ್ದ ಕಲ್ಲಿನ ನೆನಪು ಇಲ್ಲಿ ಬೇಕಾಗುತ್ತದೆ. ಕನ್ನಡ ಕಲಿಯಿರಿ ಎಂದು ಬಂದವರನ್ನು ಕೇಳುವುದು ನ್ಯಾಯವೇ. ಮುಂಬೈಯ ಉಡುಪಿ ಹೋಟೆಲಿನ ಧಣಿ ಗಲ್ಲಾದ ಹಿಂದೆ ಅಚ್ಚ ಮರಾಠಿ ಮಾತಾಡುತ್ತಿದ್ದ. ಆದರೆ ಹಾಗೆ ಕಲಿಯಲು ಅವನಿಗೆ ಅಲ್ಲಿ ಉಳಿಯುವ ಭರವಸೆ ಇತ್ತು. ಆರು ತಿಂಗಳಿಗೆ ಶೆಡ್ಡು ಬದಲಾಗುವ ಬಿಹಾರದ ಗಾರೆ ಕೆಲಸದವನಿಗೆ ಅದಿಲ್ಲ.

ದೇಶಗಳ ನಡುವೆಯೂ ಟಿಕೆಟ್ಟಿನ ಲೆಕ್ಕ ಇದೆ, ಕೊಂಚ ಮಸುಕಾಗಿ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರಗಿನ ಭಾರತೀಯರು ಕಳಿಸಿದ ಹಣ ಸುಮಾರು 12,900 ಕೋಟಿ ಡಾಲರ್. ಜಗತ್ತಿನಲ್ಲಿ ಬೇರಾವ ದೇಶಕ್ಕೂ ಇಷ್ಟು ಬರುವುದಿಲ್ಲ. ಹೋದವರಲ್ಲಿ ಸರ್ಕಾರಿ ಕಾಲೇಜಿನಲ್ಲಿ ಓದಿದ ವೈದ್ಯರು, ನರ್ಸುಗಳೂ ಇದ್ದಾರೆ. ಅವರ ಓದಿಗೆ ಇಲ್ಲಿನ ತೆರಿಗೆ ಹೋಯಿತು, ಅವರ ಕೈಗುಣ ಲಂಡನ್ನಿನ ರೋಗಿಗೆ ಸಿಕ್ಕಿತು. ಬಡ ದೇಶಗಳ ಆಸ್ಪತ್ರೆ ಬರಿದು ಮಾಡಿ ಸಿಬ್ಬಂದಿ ಕರೆದೊಯ್ಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಸಂಹಿತೆ ಬರೆದಿದೆ. ಅದು ಕಾನೂನಲ್ಲ, ವಿನಂತಿ. ಪಡೆಯುವ ದೇಶಗಳಿಗೆ ಮನಸ್ಸು ಬಂದಾಗ ಬಾಗಿಲು ತೆರೆಯುವ, ಮುಚ್ಚುವ ಅನುಕೂಲವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್–1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ರಾತ್ರಿ, ರಜೆಗೆಂದು ಊರಿಗೆ ಬಂದಿದ್ದವರು ವಿಮಾನ ನಿಲ್ದಾಣಕ್ಕೆ ಓಡಿದರು. ಹಳೆಯ ವೀಸಾದವರಿಗೆ ಇದು ಅನ್ವಯಿಸದು ಎಂಬ ವಿವರಣೆ ಬರುವಷ್ಟರಲ್ಲಿ ಕೆಲವರು ಕೈಗೆ ಸಿಕ್ಕ ದರಕ್ಕೆ ಟಿಕೆಟ್ ಕೊಂಡಾಗಿತ್ತು.

ಪಕ್ಷಿರಾಜಪುರದ ಎಣ್ಣೆ ಈಗ ಮೊಬೈಲಿನಲ್ಲಿ ‘ಆದಿವಾಸಿ ಹೇರ್ ಆಯಿಲ್’ ಎಂದು ಓಡಾಡುತ್ತಿದೆ. ಮೊಣಕಾಲು ಮುಟ್ಟುವ ಕೂದಲಿನ ಗಂಡಸರು, ಹೆಂಗಸರು ಕ್ಯಾಮೆರಾ ಎದುರು ನಿಂತು ಹಿಂದಿಯಲ್ಲಿ ಅದರ ಗುಣಗಾನ ಮಾಡುತ್ತಾರೆ. ಹಚ್ಚಿದರೆ ಕೂದಲು ಬೆಳೆಯುತ್ತದೋ ಇಲ್ಲವೋ, ಅದು ಬೇರೆ ಮಾತು. ಆರ್ಡರ್ ಫೋನಿನಲ್ಲೇ ಬರುತ್ತದೆ, ಬಾಟಲಿ ಕೊರಿಯರ್‌ನಲ್ಲಿ ಹೋಗುತ್ತದೆ, ಮಾರಿದವರು ಹುಣಸೂರಿನಲ್ಲೇ ಇರುತ್ತಾರೆ. ಸಾಗಣೆಯ ಖರ್ಚು ಕೊಂಡವರದು.